ಕನ್ನವೂ ಮುದ್ರೆಯೂ: ಗಣಕಯಂತ್ರದ ಮನೆಗಳ್ಳತನದ ಇತಿಹಾಸವಿಚಾರ

೧. ಪ್ರಸ್ತಾವನೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಎಂಬ ಗ್ರಾಮದಲ್ಲಿ ೨೦೨೫ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಡೆದ ದಾರುಣಪ್ರಸಂಗವು ವಾಚಕರಲ್ಲಿ ಅನೇಕರಿಗೆ ತಿಳಿದಿರುವದು. ಎಂಬತ್ತು ವರ್ಷಗಳ ಆಸುಪಾಸಿನ ವೃದ್ಧದಂಪತಿಗಳಿಗೆ ಅಪರಿಚಿತರು ದೂರವಾಣಿಯಲ್ಲಿ ಕರೆಮಾಡಿ, ತಾವು ಸರಕಾರದ ಅಧಿಕಾರಿಗಳೆಂದು ಹೇಳಿಕೊಂಡು, ಅವರ ಹೆಸರಿನ ಸಿಮ್ ಕಾರ್ಡಿನಿಂದ ಅಪರಾಧವು ನಡೆದಿರುವದೆಂದು ಹೆದರಿಸಿ, ಹಂತಹಂತವಾಗಿ ೫೦ ಲಕ್ಷ ರೂಪಾಯಿಗಳಿಗೂ ಮೇಲ್ಪಟ್ಟ ಧನವನ್ನು ಅಪಹರಿಸಿದರು. ಧನವು ಹೋದ ಮೇಲೆಯೂ ಬೆದರಿಕೆಯು ನಿಲ್ಲಲಿಲ್ಲ. ಕಡೆಗೆ ಆ ದಂಪತಿಗಳು ತಮ್ಮ ಪ್ರಾಣಗಳನ್ನೇ ನೀಗಿದರು. ಅವರ ಮನೆಯ ಕದವನ್ನು ಯಾರೂ ಮುರಿದಿರಲಿಲ್ಲ; ಗೋಡೆಗೆ ಕನ್ನ ಬಿದ್ದಿರಲಿಲ್ಲ; ಕಳ್ಳನ ಕಾಲು ಬೀಡಿಯ ನೆಲವನ್ನು ಸೋಂಕಿರಲೂ ಇಲ್ಲ.

ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಬೆಳಗಾವಿ ನಗರದ ಪೋಲೀಸರು ಬಾಕ್ಸೈಟ್ ರಸ್ತೆಯ ಕಟ್ಟಡವೊಂದರ ಮೇಲೆ ದಾಳಿಮಾಡಿ ೩೩ ಮಂದಿಯನ್ನು ಬಂಧಿಸಿದರು. ಗಣಕಯಂತ್ರಗಳ ಮುಂದೆ ಕುಳಿತು ಅಮೇರಿಕಾ ದೇಶದ ನಾಗರಿಕರನ್ನು ಮಾತಿನಿಂದ ನಂಬಿಸಿ ಅವರ ಧನವನ್ನು ಅಪಹರಿಸುತ್ತಿದ್ದರೆಂಬದು ಅವರ ಮೇಲಣ ಆರೋಪವು. ಬೀಡಿಯ ದಂಪತಿಗಳನ್ನು ಎಲ್ಲಿಯವರೋ ದೂರದಿಂದ ಸುಲಿದರು. ಬೆಳಗಾವಿಯಲ್ಲಿ ಕುಳಿತವರು ಸಮುದ್ರದಾಚೆಯವರನ್ನು ಸುಲಿದರೆಂದು ಆರೋಪವಿರುವದು. ಒಂದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ವಿದ್ಯೆಯ ಎರಡು ತುದಿಗಳು ಹೀಗೆ ಕಾಣಿಸಿಕೊಂಡುದು ವಿಚಾರಾರ್ಹವಾದ ಸಂಗತಿಯು.

ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದುದೆಂದೂ, ಯಂತ್ರಶಾಸ್ತ್ರವನ್ನರಿಯದವರಿಗೆ ಅದರಿಂದ ರಕ್ಷಣೆಯಿಲ್ಲವೆಂದೂ ಜನರಲ್ಲಿ ಒಂದು ಭ್ರಾಂತಿಯಿರುವದು. ಯಂತ್ರವು ಹೊಸತಾದರೂ ಕಳವಿನ ರೀತಿಯು ಪುರಾತನವಾದುದೆಂದೂ, ಪರರ ಭದ್ರಸ್ಥಾನವನ್ನು ಹೊಗುವವನಿಗೆ ಯಾವ ಕಾಲದಲ್ಲಿಯೂ ಇರುವ ದಾರಿಗಳು ಎರಡೇ ಎಂದೂ, ಅವುಗಳಲ್ಲಿ ಎರಡನೆಯದೇ ಗೃಹಸ್ಥನಿಗೆ ಹೆಚ್ಚು ಅಪಾಯಕರವೆಂದೂ ತೋರಿಸುವದು ಪ್ರಕೃತ ಲೇಖನದ ಉದ್ದೇಶವು.

೨. ಶಬ್ದವಿಚಾರ

ಮೊದಲು ಶಬ್ದವನ್ನು ಪರಿಶೀಲಿಸುವ. ಈಗ ಎಲ್ಲರ ಬಾಯಲ್ಲಿರುವ ಹ್ಯಾಕಿಂಗ್ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಕಡಿಯುವದು, ಕೊಚ್ಚುವದು ಎಂಬದೇ ಮೂಲಾರ್ಥವು. ಅಮೇರಿಕೆಯ ಎಮ್.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಆಟಿಕೆಯ ರೈಲುಗಳನ್ನು ಕಟ್ಟುವ ವಿದ್ಯಾರ್ಥಿಗಳ ಸಂಘವೊಂದಿದ್ದಿತು. ೧೯೫೦ರ ದಶಕದಲ್ಲಿ ಅವರೊಳಗೆ ಈ ಶಬ್ದವು ಜಾಣತನದಿಂದ ಮಾಡಿದ ಯಾಂತ್ರಿಕ ಯುಕ್ತಿ ಎಂಬ ಅರ್ಥವನ್ನು ಪಡೆಯಿತು. ಅಲ್ಲಿ ನಿಂದೆಯ ಲೇಶವೂ ಇರಲಿಲ್ಲ. ಕಾಲಕ್ರಮದಲ್ಲಿ ಆ ಜಾಣತನವು ಪರರ ಯಂತ್ರವನ್ನು ಅಪ್ಪಣೆಯಿಲ್ಲದೆ ಹೊಗುವದಕ್ಕೆ ಉಪಯೋಗವಾಗಲು, ಶಬ್ದಕ್ಕೂ ಕಳಂಕವು ತಟ್ಟಿತು. ಇಂದಿಗೂ ಯಂತ್ರದ ದೋಷಗಳನ್ನು ಒಡೆಯನ ಅಪ್ಪಣೆಯಿಂದ ಹುಡುಕಿ ತಿಳಿಸುವ ಸಜ್ಜನರು ಈ ಹೆಸರಿನಿಂದಲೇ ಕರೆಯಲ್ಪಡುವರು. ಆದುದರಿಂದ ಹ್ಯಾಕರನೆಂದ ಮಾತ್ರಕ್ಕೆ ಕಳ್ಳನೆಂದು ತಿಳಿಯತಕ್ಕದ್ದಲ್ಲ. ಅಪ್ಪಣೆಯಿಲ್ಲದ ಪ್ರವೇಶವೇ ದೋಷವು.

ನಮ್ಮ ದೇಶದ ಕಾಯಿದೆಯಲ್ಲಿಯೂ ಈ ಶಬ್ದದ ಚರಿತ್ರವು ಕುತೂಹಲಕರವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯು ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದಾಗ ಅದರ ೬೬ನೆಯ ಕಲಮಿನ ಶೀರ್ಷಿಕೆಯಲ್ಲಿಯೇ ಹ್ಯಾಕಿಂಗ್ ಎಂಬ ಶಬ್ದವಿದ್ದಿತು. ೨೦೦೮ರಲ್ಲಿ ಅಂಗೀಕೃತವಾಗಿ ೨೦೦೯ರ ಅಕ್ಟೋಬರ್ ೨೭ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಶಬ್ದವನ್ನು ತೆಗೆದು, ಗಣಕಯಂತ್ರ ಸಂಬಂಧದ ಅಪರಾಧಗಳು ಎಂಬ ವಿಶಾಲವಾದ ಹೆಸರನ್ನಿಟ್ಟರು. ಅದೇ ತಿದ್ದುಪಡಿಯಿಂದ ಪರರ ಗುರುತನ್ನು ಕದಿಯುವದಕ್ಕೆ ೬೬ಸಿ ಎಂಬ ಕಲಮೂ, ಯಂತ್ರದ ಮೂಲಕ ಅನ್ಯವೇಷವನ್ನು ಧರಿಸಿ ವಂಚಿಸುವದಕ್ಕೆ ೬೬ಡಿ ಎಂಬ ಕಲಮೂ ಸೇರಿದವು. ಗೋಡೆಯನ್ನು ಕೊರೆಯುವವನಿಗಿಂತ ವೇಷಧಾರಿಯ ಹಾವಳಿಯೇ ಹೆಚ್ಚೆಂಬದನ್ನು ಶಾಸನಕರ್ತರು ಒಂಬತ್ತೇ ವರ್ಷಗಳಲ್ಲಿ ಕಂಡುಕೊಂಡರೆಂದು ಇದರಿಂದ ಊಹಿಸಬಹುದು.

ಕನ್ನಡದಲ್ಲಿ ಕನ್ನ ಎಂಬ ಅಚ್ಚಶಬ್ದವು ಸಿದ್ಧವಾಗಿಯೇ ಇರುವದು. ಸಂಸ್ಕೃತದಲ್ಲಿ ಇದಕ್ಕೆ ಸಂಧಿಯೆಂದು ಹೆಸರು. ಪರರ ಯಂತ್ರದ ಗೋಡೆಯನ್ನು ಭೇದಿಸಿ ಹೊಗುವದನ್ನು ಕನ್ನವೆಂದೂ, ಒಡೆಯನ ಗುರುತನ್ನೇ ಕೈವಶಮಾಡಿಕೊಂಡು ಬಾಗಿಲಿನಿಂದಲೇ ಹೊಗುವದನ್ನು ಮುದ್ರಾಪಹಾರವೆಂದೂ ಈ ಲೇಖನದಲ್ಲಿ ವ್ಯವಹರಿಸುವೆನು.

೩. ಹಲಸಿಯ ತಾಮ್ರಪಟಗಳೂ ಮುದ್ರೆಯ ವ್ಯವಸ್ಥೆಯೂ

ಮುದ್ರೆಯ ವಿಚಾರಕ್ಕೆ ದೂರ ಹೋಗಬೇಕಾದುದಿಲ್ಲ. ಬೀಡಿಯಿರುವ ಖಾನಾಪುರ ತಾಲೂಕಿನಲ್ಲಿಯೇ ಹಲಸಿಯೆಂಬ ಗ್ರಾಮವಿದೆ. ಇದೇ ಪ್ರಾಚೀನ ಪಲಾಶಿಕಾ ನಗರವು. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದುದು. ಇಲ್ಲಿ ದೊರೆತ ಕದಂಬರ ತಾಮ್ರಶಾಸನಗಳನ್ನು ಫ್ಲೀಟ್ ಮಹಾಶಯರು ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತ ಶಾಸನವು ಅವುಗಳಲ್ಲೊಂದು.

ತಾಮ್ರಶಾಸನಗಳನ್ನು ಕಂಡವರಿಗೆ ಅವುಗಳ ರಚನೆಯು ಗೊತ್ತಿರುವದು. ಮೊದಲನೆಯ ಮತ್ತು ಕಡೆಯ ಹಲಗೆಗಳ ಹೊರಮೈಗಳನ್ನು ಸಾಮಾನ್ಯವಾಗಿ ಬರಿದಾಗಿ ಬಿಟ್ಟು, ಬರಹವನ್ನು ಒಳಮೈಗಳಲ್ಲಿ ಕೆತ್ತುವರು. ಹಲಗೆಗಳ ರಂಧ್ರದಲ್ಲಿ ಒಂದು ಬಳೆಯನ್ನು ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆಯುವರು. ಬಳೆಯನ್ನು ಕತ್ತರಿಸದ ಹೊರತು ಒಂದು ಹಲಗೆಯನ್ನು ತೆಗೆಯಲಾಗಲಿ ಮತ್ತೊಂದನ್ನು ಸೇರಿಸಲಾಗಲಿ ಬರುವದಿಲ್ಲ. ಕತ್ತರಿಸಿದರೆ ಗುರುತು ಉಳಿಯುವದು. ಬರಹವನ್ನು ಮರೆಮಾಡುವದಕ್ಕಿಂತಲೂ, ಬರಹವನ್ನು ತಿದ್ದಿದರೆ ತಿಳಿಯುವಂತೆ ಮಾಡುವದೇ ಈ ಯುಕ್ತಿಯ ಸಾರವು. ಇಂದಿನ ಗಣಕಶಾಸ್ತ್ರದಲ್ಲಿ ಡಿಜಿಟಲ್ ಸಹಿಯೆಂದು ಹೇಳುವದೂ ಇದೇ ಪ್ರಯೋಜನಕ್ಕಾಗಿ ಹುಟ್ಟಿದುದು.

ಯಾಜ್ಞವಲ್ಕ್ಯಸ್ಮೃತಿಯು ದಾನಶಾಸನವನ್ನು ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆಯಿಸಿ, ರಾಜನು ಅದಕ್ಕೆ ತನ್ನ ಮುದ್ರೆಯನ್ನೂ, ತನ್ನ ಹಸ್ತಾಕ್ಷರವನ್ನೂ, ಕಾಲನಿರ್ದೇಶವನ್ನೂ ಕೂಡಿಸತಕ್ಕದ್ದೆಂದು ವಿಧಿಸುವದು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನಾದುದರಿಂದ ಕನ್ನಡಿಗರಿಗೆ ಈ ವಿಷಯವು ಮನೆಯ ಮಾತೇ ಸರಿ. ಒಂದೇ ಗುರುತನ್ನು ನಂಬದೆ, ಒಂದರಿಂದೊಂದು ಭಿನ್ನವಾದ ಗುರುತುಗಳನ್ನು ಕೂಡಿಸಿ ಕೇಳುವ ಈ ಪದ್ಧತಿಯನ್ನು ಜ್ಞಾಪಕದಲ್ಲಿಡತಕ್ಕದ್ದು. ಮುಂದೆ ಇದರ ಉಪಯೋಗವಾಗುವದು.

ಕೂಟಶಾಸನವನ್ನು ಮಾಡಿದವನಿಗೂ, ಕೂಟವನ್ನು ಹಿಡಿದು ವ್ಯವಹರಿಸಿದವನಿಗೂ ಅದೇ ಸ್ಮೃತಿಯು ಉತ್ತಮಸಾಹಸವೆಂಬ ದಂಡವನ್ನು ಹೇಳಿದೆ. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಲೀಯ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಇರುವನು. ಒಂದು ಮಾಷಕವನ್ನು ಕೊಟ್ಟು ಮುದ್ರೆಯನ್ನು ಪಡೆದವನೇ ನಾಡಿನ ಒಳಹೊರಗೆ ಸಂಚರಿಸಬಹುದು. ಮುದ್ರೆಯಿಲ್ಲದವನಿಗೆ ಹನ್ನೆರಡು ಪಣಗಳ ದಂಡವು. ಕೂಟಮುದ್ರೆಯವನಿಗೆ ಅದಕ್ಕಿಂತ ಘೋರವಾದ ದಂಡವು.

ಇಷ್ಟು ಕಾವಲಿದ್ದರೂ ಕೂಟಶಾಸನಗಳು ಹುಟ್ಟದೆ ಬಿಡಲಿಲ್ಲ. ಫ್ಲೀಟರು ೧೯೦೧ರಲ್ಲಿ ಕೂಟಶಾಸನಗಳನ್ನು ಕುರಿತೇ ಒಂದು ಲೇಖನವನ್ನು ಬರೆದರು. ಅಕ್ಷರದ ರೂಪವು ಹೇಳಿದ ಕಾಲಕ್ಕೆ ಹೊಂದದಿರುವದು, ತಿಥಿವಾರಗಳು ಕೂಡದಿರುವದು, ವಂಶಾವಳಿಯು ವಿರೋಧಿಸುವದು, ಭಾಷೆಯು ಅಶುದ್ಧವಾಗಿರುವದು, ಇವೇ ಕೂಟವನ್ನು ಹಿಡಿಯುವ ಲಕ್ಷಣಗಳು. ಬ್ಯಾಂಕಿನ ಹೆಸರಿನಿಂದ ಬರುವ ಸುಳ್ಳು ಸಂದೇಶವನ್ನು ಪರೀಕ್ಷಿಸುವಾಗಲೂ ಇದೇ ಕ್ರಮವನ್ನು ಹಿಡಿಯಬಹುದು. ತಾಣದ ವಿಳಾಸದಲ್ಲಿ ಒಂದಕ್ಷರವು ಹೆಚ್ಚುಕಡಿಮೆಯಾಗಿರುವದು, ಕಳುಹಿದವನ ಹೆಸರಿಗೂ ವಿಳಾಸಕ್ಕೂ ಸಂಬಂಧವಿಲ್ಲದಿರುವದು, ಇಂದೇ ಈಗಲೇ ಎಂದು ಅವಸರಪಡಿಸುವದು, ಇವು ನಮ್ಮ ಕಾಲದ ಕೂಟಲಕ್ಷಣಗಳು. ಆದರೆ ಒಂದು ಭೇದವುಂಟು. ಇತ್ತೀಚೆಗೆ ಕೃತಕಬುದ್ಧಿಯ ಯಂತ್ರಗಳು ಶುದ್ಧವಾದ ಭಾಷೆಯನ್ನು ಬರೆಯಬಲ್ಲವಾದುದರಿಂದ ಅಶುದ್ಧಭಾಷೆಯೊಂದನ್ನೇ ನಂಬಿಕೊಂಡಿರಲಾಗದು.

೪. ಎರಡು ನಾಟಕಗಳ ಸಾಕ್ಷ್ಯ

ಗೋಡೆಯೂ ಮುದ್ರೆಯೂ ಹೇಗೆ ಸೋಲುವವೆಂಬದನ್ನು ಎರಡು ಸಂಸ್ಕೃತನಾಟಕಗಳು ಅಂಗೈಯ ನೆಲ್ಲಿಯಂತೆ ತೋರಿಸುವವು.

ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬವನು ಚಾರುದತ್ತನ ಮನೆಗೆ ಕನ್ನ ಹಾಕುವನು. ಅವನು ವಿದ್ಯಾವಂತನು, ತನ್ನ ಕೌಶಲದಲ್ಲಿ ಅಭಿಮಾನವುಳ್ಳವನು. ಗೋಡೆಯ ಯಾವ ಭಾಗವು ನೀರಿನಿಂದ ನೆನೆದು ಸಡಿಲವಾಗಿದೆ, ಎಲ್ಲಿ ಕ್ಷಾರವು ತಿಂದು ಇಟ್ಟಿಗೆಯು ಕ್ಷೀಣಿಸಿದೆ ಎಂದು ಹುಡುಕುವನು; ಯಾವ ಗೋಡೆಗೆ ಯಾವ ಆಕಾರದ ಕನ್ನವು ಯುಕ್ತವೆಂದು ಶಾಸ್ತ್ರಚರ್ಚೆ ಮಾಡುವನು; ಯಜ್ಞೋಪವೀತವನ್ನೇ ಅಳತೆಯ ದಾರವನ್ನಾಗಿ ಮಾಡಿಕೊಳ್ಳುವನು; ತಾನು ಹೊಗುವದಕ್ಕೆ ಮೊದಲು ಒಂದು ಹುಸಿಬೊಂಬೆಯನ್ನು ತೂರಿಸಿ ನೋಡುವನು. ಯಂತ್ರಗಳ ದೋಷಗಳನ್ನು ಹುಡುಕುವ ಇಂದಿನ ನಿಪುಣರ ನಡವಳಿಕೆಯಲ್ಲಿ ಇದಕ್ಕಿಂತ ಭಿನ್ನವಾದುದೇನೂ ಇಲ್ಲ. ಆದರೆ ಇಷ್ಟೆಲ್ಲ ಪರಿಶ್ರಮದಿಂದ ಒಳಹೊಕ್ಕವನಿಗೆ ಆಭರಣದ ಪೆಟ್ಟಿಗೆಯು ಸಿಕ್ಕಿದುದು ಹೇಗೆ? ನಿದ್ದೆಗಣ್ಣಿನ ಮೈತ್ರೇಯನು ಅವನನ್ನು ತನ್ನ ಮಿತ್ರನೆಂದೇ ಬಗೆದು, ತೆಗೆದುಕೋ ಎಂದು ಆಣೆಯಿಟ್ಟು ತಾನೇ ಅದನ್ನು ಕೈಗಿತ್ತನು! ಕನ್ನವು ಕಳ್ಳನನ್ನು ಮನೆಯೊಳಕ್ಕೆ ಮಾತ್ರ ತಂದಿತು. ಒಡವೆಯನ್ನು ಒಪ್ಪಿಸಿದುದು ಕಾವಲಿನವನ ಕೈಯೇ.

ಮುದ್ರಾರಾಕ್ಷಸದಲ್ಲಿ ಎರಡನೆಯ ಮಾರ್ಗವಿದೆ. ಚಾಣಕ್ಯನ ಗೂಢಚಾರನು ಯಮನ ಚಿತ್ರಪಟವನ್ನು ತೋರಿಸುತ್ತ ಹಾಡುವವನ ವೇಷದಲ್ಲಿ ಚಂದನದಾಸನ ಮನೆಯನ್ನು ಹೊಗುವನು. ಹೊರಗೋಡಿದ ಮಗುವನ್ನು ಒಳಕ್ಕೆಳೆದುಕೊಳ್ಳುವಾಗ ರಾಕ್ಷಸನ ಹೆಂಡತಿಯ ಬೆರಳಿನಿಂದ ಮುದ್ರೆಯುಂಗುರವು ಜಾರಿ ಅವನ ಕಾಲಬಳಿಗೆ ಉರುಳುವದು. ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಅವನಿಗೆ ಉದ್ದೇಶವು ತಿಳಿಯದಂತೆ, ಒಂದು ಪತ್ರವನ್ನು ಬರೆಯಿಸಿ ಆ ಮುದ್ರೆಯನ್ನೊತ್ತುವರು. ಮಲಯಕೇತುವು ಪರೀಕ್ಷಿಸಿದಾಗ ಬರಹವೂ ನಿಜವಾದುದು, ಮುದ್ರೆಯೂ ನಿಜವಾದುದು, ಅಭಿಪ್ರಾಯವೊಂದೇ ಸುಳ್ಳು. ಇಂದಿನ ವಂಚಕನು ಒಡೆಯನಿಂದಲೇ ಗುಪ್ತಪದವನ್ನೂ, ದೂರವಾಣಿಗೆ ಬಂದ ಓಟಿಪಿಯನ್ನೂ ಹೇಳಿಸಿಕೊಂಡಾಗ ಬ್ಯಾಂಕಿನ ಯಂತ್ರವು ಮಲಯಕೇತುವಿನ ಸ್ಥಿತಿಯಲ್ಲಿಯೇ ಇರುವದು. ಗುರುತುಗಳೆಲ್ಲ ಸರಿಯಾಗಿರುವವು, ಆದುದರಿಂದ ಅದು ಬಾಗಿಲನ್ನು ತೆರೆಯುವದು.

೫. ಪಾಶ್ಚಾತ್ಯ ಯಂತ್ರಗಳ ಕಾಲದಲ್ಲಿ

ಈ ಎರಡು ಮಾರ್ಗಗಳೂ ಆಧುನಿಕ ಯಂತ್ರಗಳ ಚರಿತ್ರದಲ್ಲಿ ಜೊತೆಜೊತೆಯಾಗಿಯೇ ನಡೆದಿವೆ. ವಿದ್ಯುತ್ತಂತಿಯು ಬರುವದಕ್ಕೆ ಮೊದಲು ಫ್ರಾನ್ಸ್ ದೇಶದಲ್ಲಿ ಗೋಪುರದಿಂದ ಗೋಪುರಕ್ಕೆ ಸಂಜ್ಞೆಗಳನ್ನು ತೋರಿಸಿ ಸರಕಾರದ ಸುದ್ದಿಯನ್ನು ಕಳುಹುತ್ತಿದ್ದರು. ೧೮೩೪ರಲ್ಲಿ ಬೋರ್ಡೊ ನಗರದ ಬ್ಲಾಂಕ್ ಸಹೋದರರು ತೂರ್ ಪಟ್ಟಣದ ಸಂಜ್ಞಾಧಿಕಾರಿಗೆ ಲಂಚವನ್ನು ಕೊಟ್ಟು, ಸರಕಾರದ ಸಂದೇಶಗಳೊಳಗೆ ತಪ್ಪಿನಂತೆ ತೋರುವ ತಮ್ಮ ಸಂಕೇತವನ್ನು ಸೇರಿಸಿ, ಪ್ಯಾರಿಸಿನ ಪೇಟೆಯ ಧಾರಣೆಯನ್ನು ಇತರರಿಗಿಂತ ಮೊದಲೇ ತಿಳಿದು ಲಾಭ ಪಡೆದರು. ೧೮೩೬ರಲ್ಲಿ ಇದು ಬಯಲಾದರೂ, ತಂತಿಯ ದುರುಪಯೋಗಕ್ಕೆ ಆಗ ಕಾಯಿದೆಯೇ ಇರಲಿಲ್ಲವಾದುದರಿಂದ ಅವರಿಗೆ ತಕ್ಕ ಶಿಕ್ಷೆಯಾಗಲಿಲ್ಲ. ಯಂತ್ರವು ಮುಂದೆ, ಕಳವು ಅದರ ಬೆನ್ನಿಗೆ, ಕಾಯಿದೆಯು ಎಲ್ಲಕ್ಕೂ ಹಿಂದೆ, ಎಂಬ ಕ್ರಮವು ಆಗಿನಿಂದಲೇ ಕಾಣುವದು.

೧೯೦೩ರ ಜೂನ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾರ್ಕೋನಿಯ ನಿಸ್ತಂತು ಯಂತ್ರದ ಪ್ರದರ್ಶನವು ಏರ್ಪಟ್ಟಿದ್ದಿತು. ತನ್ನ ಸಂದೇಶಗಳಿಗೆ ಪರರ ಅಡ್ಡಿಯಾಗದೆಂದು ಮಾರ್ಕೋನಿಯು ಸಾರಿದ್ದನು. ಪ್ರದರ್ಶನದ ವೇಳೆಗೆ ಸರಿಯಾಗಿ ನೆವಿಲ್ ಮಾಸ್ಕೆಲಿನ್ ಎಂಬ ಐಂದ್ರಜಾಲಿಕನು ತನ್ನ ಯಂತ್ರದಿಂದ ಅಪಹಾಸ್ಯದ ಮಾತುಗಳನ್ನು ಕಳುಹಿ ಆ ಯಂತ್ರದಲ್ಲಿ ಮೂಡಿಸಿದನು. ಇದು ಕನ್ನವು, ಆದರೆ ಕದಿಯುವದಕ್ಕಲ್ಲ, ಗೋಡೆಯು ದುರ್ಬಲವೆಂದು ತೋರಿಸುವದಕ್ಕೆ.

ಗಣಕಯಂತ್ರಕ್ಕೆ ಗುಪ್ತಪದ, ಎಂದರೆ ಪಾಸ್‌ವರ್ಡ್, ಎಂಬ ಮುದ್ರೆಯು ಬಂದುದು ಎಮ್.ಐ.ಟಿ.ಯಲ್ಲಿ ೧೯೬೦ರ ದಶಕದ ಆರಂಭದಲ್ಲಿ. ಅನೇಕರು ಒಂದೇ ಯಂತ್ರವನ್ನು ಹಂಚಿಕೊಂಡು ಉಪಯೋಗಿಸುತ್ತಿದ್ದುದರಿಂದ ಕೋರ್ಬಾಟೋ ಎಂಬ ವಿದ್ವಾಂಸನ ನೇತೃತ್ವದಲ್ಲಿ ಪ್ರತಿಯೊಬ್ಬನಿಗೊಂದು ಗುಪ್ತಪದವನ್ನು ಕೊಟ್ಟರು. ೧೯೬೨ರಲ್ಲಿಯೇ ಅಲೆನ್ ಶೆರ್ ಎಂಬ ಸಂಶೋಧಕನು ತನಗೆ ಗೊತ್ತುಮಾಡಿದ ಸಮಯವು ಸಾಲದೆಂದು, ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸುವಂತೆ ಯಂತ್ರಕ್ಕೆ ಹೇಳಿದನು. ಯಂತ್ರವು ಮುದ್ರಿಸಿ ಕೊಟ್ಟಿತು. ಮುದ್ರೆಯು ಹುಟ್ಟಿದ ಬೆನ್ನಿಗೇ ಮುದ್ರಾಪಹಾರವೂ ಹುಟ್ಟಿತೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಮನೆಯ ಗಣಕಯಂತ್ರಗಳ ಕಾಲದಲ್ಲಿ ೧೯೮೬ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ಬ್ರೇನ್ ಎಂಬ ವೈರಸ್ ಫ್ಲಾಪಿಗಳ ಮೂಲಕ ದೇಶಾಂತರಗಳಿಗೆ ಹರಡಿತು. ೧೯೮೮ರ ನವೆಂಬರ್ ೨ರಂದು ಅಮೇರಿಕೆಯ ವಿದ್ಯಾರ್ಥಿಯೊಬ್ಬನು ಜಾಲದಲ್ಲಿ ಬಿಟ್ಟ ಮಾರಿಸ್ ವರ್ಮ್ ಎಂಬ ಹುಳುವು ಸಾವಿರಾರು ಯಂತ್ರಗಳನ್ನು ಜಡಗೊಳಿಸಿತು. ೨೦೧೭ರ ಮೇ ೧೨ರಂದು ವಾನ್ನಾಕ್ರೈ ಎಂಬುದು ಸುಮಾರು ೧೫೦ ದೇಶಗಳ ಯಂತ್ರಗಳೊಳಗಿನ ಕಡತಗಳಿಗೆ ಬೀಗಹಾಕಿ ಒತ್ತೆಹಣವನ್ನು ಕೇಳಿತು. ಯಾವ ಬಿರುಕಿನಿಂದ ಅದು ಹೊಕ್ಕಿತೋ ಆ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ ೧೪ರಂದೇ ತೇಪೆಯನ್ನು ಕೊಟ್ಟಿದ್ದಿತು! ಎರಡು ತಿಂಗಳ ಆಲಸ್ಯವೇ ಅನೇಕರಿಗೆ ಮುಳುವಾಯಿತು. ನೀರಿನಿಂದ ನೆನೆದ ಗೋಡೆಯನ್ನು ಶರ್ವಿಲಕನು ಹುಡುಕಿದಂತೆ, ತೇಪೆಹಾಕದ ಯಂತ್ರವನ್ನು ಕಳ್ಳನು ಹುಡುಕುವನು.

ಕರ್ನಾಟಕದಲ್ಲಿಯೂ ಕನ್ನದ ಉದಾಹರಣೆಯುಂಟು. ೨೦೧೯ರಲ್ಲಿ ರಾಜ್ಯಸರಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣವನ್ನು ಭೇದಿಸಿ ಗುತ್ತಿಗೆದಾರರ ಠೇವಣಿಯ ಹಣದಲ್ಲಿ ೧೧.೫ ಕೋಟಿ ರೂಪಾಯಿಗಳನ್ನು ಅಪಹರಿಸಿದರು. ಆದರೆ ಇಂಥ ಕನ್ನಗಳು ಹೆಚ್ಚಾಗಿ ದೊಡ್ಡ ಭಂಡಾರಗಳಿಗೆ ಬೀಳುವವು. ಸಾಮಾನ್ಯ ಗೃಹಸ್ಥನ ಮನೆಗೆ ಎರಡನೆಯ ದಾರಿಯೇ ಸುಲಭವು. ೧೯೯೫ರಲ್ಲಿ ಸೆರೆಸಿಕ್ಕಿದ ಕೆವಿನ್ ಮಿಟ್ನಿಕ್ ಎಂಬ ಪ್ರಸಿದ್ಧ ಹ್ಯಾಕರನು ಬಿಡುಗಡೆಯಾದ ಮೇಲೆ ೨೦೦೦ದಲ್ಲಿ ಅಮೇರಿಕೆಯ ಸೆನೆಟ್ ಸಭೆಯ ಮುಂದೆ ಸಾಕ್ಷ್ಯ ನುಡಿಯುತ್ತ, ತಾನು ಯಂತ್ರವನ್ನು ಭೇದಿಸುವದಕ್ಕಿಂತ ಬೇರೊಬ್ಬನ ವೇಷದಲ್ಲಿ ಕೇಳಿಯೇ ಗುಪ್ತಪದಗಳನ್ನು ಪಡೆಯುವದು ಸುಲಭವಾಗಿದ್ದಿತೆಂಬ ಅಭಿಪ್ರಾಯವನ್ನು ಹೇಳಿದನು. ಮೈತ್ರೇಯನ ಕೈಯಿಂದ ಪೆಟ್ಟಿಗೆಯನ್ನು ಪಡೆದ ಶರ್ವಿಲಕನು ಈ ಸಾಕ್ಷ್ಯಕ್ಕೆ ತಲೆದೂಗುತ್ತಿದ್ದನು.

೬. ಬೀಡಿಯ ಪ್ರಸಂಗದ ಪರಾಮರ್ಶೆ

ಇಷ್ಟನ್ನು ತಿಳಿದು ಬೀಡಿಯ ಪ್ರಸಂಗವನ್ನು ಮತ್ತೆ ನೋಡುವ. ಅಲ್ಲಿ ಯಾವ ಯಂತ್ರದ ಗೋಡೆಗೂ ಕನ್ನ ಹಾಕಬೇಕಾಗಿರಲಿಲ್ಲ. ಯಮಪಟದವನಂತೆ ವಂಚಕರು ಭಯದ ಚಿತ್ರವನ್ನು ಹಿಡಿದು ಒಳಹೊಕ್ಕರು. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಹುಟ್ಟಿರುವದು. ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಇಂಥ ಬಂಧನವಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ದೂರವಾಣಿಯ ಚಿತ್ರದ ಮೂಲಕ ಒಬ್ಬರನ್ನು ಬಂಧನದಲ್ಲಿಡುವದಕ್ಕಾಗಲಿ, ಹಣವನ್ನು ತಮ್ಮ ಖಾತೆಗೆ ತರಿಸಿಕೊಂಡು ಪರಿಶೀಲಿಸುವದಕ್ಕಾಗಲಿ ಯಾವ ಅಧಿಕಾರಿಗೂ ಅಧಿಕಾರವನ್ನು ಕೊಟ್ಟಿಲ್ಲ. ೨೦೨೪ರ ಅಕ್ಟೋಬರ್ ೨೭ರಂದು ದೇಶದ ಪ್ರಧಾನಮಂತ್ರಿಗಳೇ ತಮ್ಮ ಬಾನುಲಿ ಭಾಷಣದಲ್ಲಿ ಈ ವಿಷಯವಾಗಿ ಜನರನ್ನು ಎಚ್ಚರಿಸಿದ್ದರು. ಆ ಮಾತಿಗೂ ಬೀಡಿಯ ಮರಣಗಳಿಗೂ ನಡುವೆ ಐದೇ ತಿಂಗಳು. ಎಚ್ಚರಿಕೆಯು ಬಾನಿನಲ್ಲಿದ್ದಿತು, ಅಗತ್ಯವಿದ್ದ ಮನೆಗೆ, ಅಗತ್ಯವಿದ್ದ ಗಳಿಗೆಯಲ್ಲಿ, ನೆರೆಯವರ ಬಾಯಿಯಿಂದ ಅದು ತಲಪಲಿಲ್ಲ.

ವಂಚಕನ ಮಾತಿನ ದೋಷವನ್ನು ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಸ್ಪಷ್ಟವಾಗಿ ಹೇಳಬಹುದು. ಆಪ್ತನ ವಾಕ್ಯವು ಪ್ರಮಾಣವೆಂದು ನೈಯಾಯಿಕರು ಒಪ್ಪುವರು; ಯಥಾರ್ಥವನ್ನು ನುಡಿಯುವವನೇ ಆಪ್ತನು. ಕರೆಮಾಡಿದವನು ಆಪ್ತನೆಂಬದು ಹೇಗೆ ತಿಳಿಯಿತು? ಅವನು ತೋರಿಸಿದ ಸಮವಸ್ತ್ರದಿಂದಲೂ ಗುರುತಿನ ಚೀಟಿಯಿಂದಲೂ. ಆ ಚೀಟಿಯು ನಿಜವೆಂದು ಹೇಗೆ ತಿಳಿಯಿತು? ಅಧಿಕಾರಿಯು ತೋರಿಸಿದುದರಿಂದ. ಇದು ಅನ್ಯೋನ್ಯಾಶ್ರಯದೋಷವು. ಇದನ್ನು ಕಳೆಯಬೇಕಾದರೆ ಜ್ಞಾನದ ಪ್ರಾಮಾಣ್ಯವನ್ನು ಅದರಿಂದ ಹೊರಗಿನ ಇನ್ನೊಂದು ಪ್ರಮಾಣದಿಂದ ನಿಶ್ಚಯಿಸಬೇಕು. ಲೌಕಿಕವಾಗಿ ಹೇಳುವದಾದರೆ, ಕರೆಯನ್ನು ಅಲ್ಲಿಯೇ ನಿಲ್ಲಿಸಿ, ತಾನೇ ಬಲ್ಲ ಸಂಖ್ಯೆಗೆ ತಾನಾಗಿ ಕರೆಮಾಡಿ, ಇಲ್ಲವೆ ಹತ್ತಿರದ ಪೋಲೀಸ್ ಠಾಣೆಗೆ ಹೋಗಿ ಕೇಳತಕ್ಕದ್ದು. ಆದುದರಿಂದಲೇ ವಂಚಕರು ಕರೆಯನ್ನು ನಿಲ್ಲಿಸಬೇಡಿರಿ, ಯಾರಿಗೂ ಹೇಳಬೇಡಿರಿ ಎಂದು ಒತ್ತಿ ಹೇಳುವರು. ಎರಡನೆಯ ಪ್ರಮಾಣವು ದೊರೆಯದಂತೆ ಮಾಡುವದರಲ್ಲಿಯೇ ಅವರ ವಿದ್ಯೆಯೆಲ್ಲ ಅಡಗಿದೆ. ಯಾರಿಗೂ ಹೇಳಬೇಡಿರೆಂದು ಅಪರಿಚಿತನು ಹೇಳಿದ ಕ್ಷಣವೇ ಹೇಳತಕ್ಕ ಕ್ಷಣವು.

೭. ಗೃಹರಕ್ಷಣೆಯ ಕ್ರಮ

ಈಗ ಗೃಹಸ್ಥನು ಮಾಡತಕ್ಕುದನ್ನು ಸಂಗ್ರಹವಾಗಿ ಹೇಳುವೆನು. ದೂರವಾಣಿಯೂ ಒಂದು ಗಣಕಯಂತ್ರವೇ ಆದುದರಿಂದ ಇದೆಲ್ಲವೂ ಅದಕ್ಕೂ ಅನ್ವಯಿಸುವದು.

ಮೊದಲನೆಯದು ಗೋಡೆಯ ರಕ್ಷಣೆಯು. ಯಂತ್ರದ ಮೂಲತಂತ್ರಾಂಶಕ್ಕೆ ತಯಾರಕರು ಕಳುಹುವ ಅಪ್‌ಡೇಟುಗಳನ್ನು ತಡಮಾಡದೆ ಹಾಕಿಕೊಳ್ಳತಕ್ಕದ್ದು. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವದರಿಂದ, ಅದನ್ನಿಟ್ಟುಕೊಂಡವರು ಈ ವಿಷಯದಲ್ಲಿ ವಿಶೇಷವಾಗಿ ಯೋಚಿಸತಕ್ಕದ್ದು. ಮನೆಯ ವೈಫೈ ರೌಟರನ್ನು ಕೊಂಡಾಗ ಅದರೊಡನೆ ಬಂದ ಗುಪ್ತಪದವನ್ನು ಬದಲಿಸದಿರುವದು ಊರಿಗೆಲ್ಲ ಗೊತ್ತಿರುವ ಬೀಗದಕೈಯನ್ನು ಬಾಗಿಲಿಗೆ ತೂಗಹಾಕಿದಂತೆ. ನಿತ್ಯದ ಕೆಲಸಕ್ಕೆ ಯಂತ್ರದ ಸರ್ವಾಧಿಕಾರವುಳ್ಳ ಖಾತೆಯನ್ನು ಉಪಯೋಗಿಸದೆ, ಸಾಮಾನ್ಯ ಖಾತೆಯನ್ನು ಉಪಯೋಗಿಸುವದು ಲೇಸು. ಕಳ್ಳನು ಹೊಕ್ಕರೂ ಜಗುಲಿಯಲ್ಲಿಯೇ ಉಳಿಯುವನು.

ಎರಡನೆಯದು ಮುದ್ರೆಯ ರಕ್ಷಣೆಯು. ಗುಪ್ತಪದವು ಉದ್ದವಾಗಿರಲಿ, ಒಂದು ತಾಣಕ್ಕೆ ಕೊಟ್ಟುದನ್ನು ಮತ್ತೊಂದಕ್ಕೆ ಕೊಡಕೂಡದು. ಒಂದು ತಾಣದಿಂದ ಕದ್ದ ಪಟ್ಟಿಯನ್ನು ಕಳ್ಳರು ಉಳಿದೆಲ್ಲ ತಾಣಗಳ ಬೀಗಗಳಿಗೂ ಹಚ್ಚಿ ನೋಡುವರು. ಮುದ್ರೆಯೂ ಹಸ್ತಾಕ್ಷರವೂ ಕೂಡಿಯೇ ಇರತಕ್ಕದ್ದೆಂದು ಸ್ಮೃತಿಯು ಹೇಳಿದಂತೆ, ಗುಪ್ತಪದದೊಡನೆ ಎರಡನೆಯ ಹಂತದ ಪರಿಶೀಲನೆಯನ್ನೂ ಏರ್ಪಡಿಸಿಕೊಳ್ಳತಕ್ಕದ್ದು. ಆ ಎರಡನೆಯ ಅಂಕೆಯನ್ನು ಯಾರು ಕೇಳಿದರೂ ಕೊಡಕೂಡದು. ರಿಪೇರಿಯ ನೆವದಿಂದ ದೂರದಲ್ಲಿದ್ದುಕೊಂಡು ನಮ್ಮ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಕೊಳ್ಳಿರೆಂದು ಕರೆಮಾಡುವವನಿಗೆ ಒಪ್ಪುವದೆಂದರೆ ಮೈತ್ರೇಯನಂತೆ ಪೆಟ್ಟಿಗೆಯನ್ನು ಒಪ್ಪಿಸುವದೇ.

ಮೂರನೆಯದು ಪ್ರತಿಯ ರಕ್ಷಣೆಯು. ಇಲ್ಲಿ ಸ್ವಾನುಭವವನ್ನು ಹೇಳಿದರೆ ಕ್ಷಮಿಸಬೇಕು. ಹಲವು ವರ್ಷಗಳಿಂದ ಸಂಗ್ರಹಿಸಿದ ಶಾಸನಪಾಠಗಳನ್ನು ನಾನು ಮನೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದೆನು. ಪರಿಚಯಸ್ಥರೊಬ್ಬರು ಪೆನ್‌ಡ್ರೈವಿನಲ್ಲಿ ಪುಕ್ಕಟೆಯಾಗಿ ತಂದುಕೊಟ್ಟ ತಂತ್ರಾಂಶವನ್ನು ಹಣವುಳಿಯಿತೆಂಬ ಸಂತೋಷದಿಂದ ಹಾಕಿಕೊಂಡೆನು. ಮಾರನೆ ದಿನ ಒಂದು ಕಡತವೂ ತೆರೆಯಲಿಲ್ಲ. ಒತ್ತೆಹಣವನ್ನು ಕೇಳುವ ಇಂಗ್ಲಿಷ್ ಒಕ್ಕಣೆಯೊಂದೇ ತೆರೆಯಿತು. ದೈವವಶಾತ್ ಆರು ತಿಂಗಳ ಹಿಂದಣ ಒಂದು ಪ್ರತಿಯು ಬೇರೊಂದು ಡಿಸ್ಕಿನಲ್ಲಿ ಖಾನಾಪುರದ ನನ್ನ ತಮ್ಮನ ಮನೆಯಲ್ಲಿದ್ದಿತು. ಆರು ತಿಂಗಳ ಶ್ರಮವು ಹೋಯಿತು, ಉಳಿದುದು ಉಳಿಯಿತು. ನಮ್ಮ ಪೂರ್ವಿಕರು ಓಲೆಯ ಗ್ರಂಥಗಳನ್ನು ಪ್ರತಿಮಾಡಿಸಿ ಬೇರೆಬೇರೆ ಮಠಗಳಲ್ಲಿ ಇಡುತ್ತಿದ್ದುದರ ಬೆಲೆಯು ಅಂದು ನನಗೆ ತಿಳಿಯಿತು. ಜಾಲಕ್ಕೂ ಯಂತ್ರಕ್ಕೂ ಸದಾ ಅಂಟಿಕೊಂಡಿರದ ಒಂದು ಪ್ರತಿಯು ಬೇರೆ ಸ್ಥಳದಲ್ಲಿ ಇರಲೇಬೇಕು.

ನಾಲ್ಕನೆಯದು ಕಳವಾದ ಮೇಲಿನ ಕರ್ತವ್ಯವು. ಹಣವು ಹೋದುದು ತಿಳಿದೊಡನೆಯೇ ೧೯೩೦ ಎಂಬ ಸಂಖ್ಯೆಗೆ ಕರೆಮಾಡತಕ್ಕದ್ದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರದ ತಾಣದಲ್ಲಿ ದೂರನ್ನು ದಾಖಲಿಸತಕ್ಕದ್ದು; ಬ್ಯಾಂಕಿಗೂ ತಿಳಿಸತಕ್ಕದ್ದು. ಕದ್ದ ಹಣವು ಖಾತೆಯಿಂದ ಖಾತೆಗೆ ಓಡುತ್ತಿರುವದರಿಂದ ಮೊದಲಿನ ಕೆಲವು ಗಳಿಗೆಗಳಲ್ಲಿ ಮಾತ್ರವೇ ಅದನ್ನು ನಡುದಾರಿಯಲ್ಲಿ ತಡೆಯುವ ಸಂಭವವು ಹೆಚ್ಚು. ರಿಜರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯೂ ತ್ವರಿತವಾಗಿ ತಿಳಿಸಿದವನ ಹೊಣೆಯನ್ನು ಕಡಿಮೆಮಾಡಿ, ತಡಮಾಡಿದವನ ಹೊಣೆಯನ್ನು ಹೆಚ್ಚಿಸುವ ನ್ಯಾಯವನ್ನೇ ಹಿಡಿಯಿತು. ೨೦೦೧ರಲ್ಲಿ ದೇಶದಲ್ಲಿಯೇ ಮೊದಲನೆಯ ಸೈಬರ್ ಅಪರಾಧ ಪೋಲೀಸ್ ಠಾಣೆಯು ಸ್ಥಾಪಿತವಾದುದು ನಮ್ಮ ಬೆಂಗಳೂರಿನಲ್ಲಿ. ಈಗ ಬೆಳಗಾವಿಯವರು ದೂರು ಕೊಡುವದಕ್ಕೆ ಅಷ್ಟು ದೂರ ಹೋಗಬೇಕಾದುದಿಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿತವಾದುದಿಷ್ಟು. ಗೋಡೆಯನ್ನು ಭದ್ರಪಡಿಸುವದು ಅವಶ್ಯವು. ಮುದ್ರೆಯನ್ನು ಕಾಪಾಡುವದು ಅದಕ್ಕಿಂತ ಅವಶ್ಯವು. ಆದರೆ ಇವೆರಡನ್ನೂ ಮೀರಿದ ರಕ್ಷಣೆಯೊಂದಿದೆ. ಅದು ಕೇಳಲು ಇನ್ನೊಬ್ಬರಿರುವದು. ಬೀಡಿಯ ಮನೆಯಲ್ಲಿ ಕೊರತೆಯಾದುದು ಯಂತ್ರಜ್ಞಾನವಲ್ಲ. ನಿಮಗೆ ಮೋಸವಾಗುತ್ತಿದೆ, ಹೆದರಬೇಡಿರಿ ಎಂದು ಹೇಳತಕ್ಕ ಒಂದು ದನಿಯು. ಮೋಸಹೋದುದಕ್ಕೆ ನಾಚುವ ಕಾರಣವಿಲ್ಲ. ಬುದ್ಧಿವಂತನಾದ ರಾಕ್ಷಸಾಮಾತ್ಯನ ಮುದ್ರೆಯೇ ಜಾರಿದಾಗ ಸಾಮಾನ್ಯರ ಪಾಡೇನು? ನಾಚಿಕೆಯು ಕದ್ದವನದು, ಕಳೆದುಕೊಂಡವನದಲ್ಲ. ಧನಹಾನಿಯಿಂದಲೋ ಬೆದರಿಕೆಯಿಂದಲೋ ಬಾಳೇ ಬೇಡವೆಂಬಷ್ಟು ಸಂಕಟಪಡುವವರು ಟೆಲಿಮಾನಸ್ ಎಂಬ ಸರಕಾರದ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಮಾತಾಡಬಹುದು.

ಹಲಸಿಯ ತಾಮ್ರಪಟಗಳನ್ನು ಕೆತ್ತಿಸಿದವರು ಮುದ್ರೆಯನ್ನು ಬೆಸೆದುದರಲ್ಲಿಯೇ ತೃಪ್ತರಾಗಲಿಲ್ಲ. ದಾನವನ್ನು ಕಾಪಾಡಿರೆಂದು ಮುಂದಿನ ಅರಸುಗಳನ್ನೂ ಜನರನ್ನೂ ಬೇಡಿಕೊಳ್ಳುವದು ಶಾಸನಗಳ ಸಂಪ್ರದಾಯವು. ಮುದ್ರೆಯೊಂದೇ ಸಾಲದು, ನೆರೆಹೊರೆಯ ಕಾವಲೂ ಬೇಕೆಂಬದನ್ನು ಅವರು ಬಲ್ಲವರಾಗಿದ್ದರು. ವಾಚಕರಲ್ಲಿ ಪ್ರತಿಯೊಬ್ಬರೂ ತಮ್ಮ ಓಣಿಯ ಒಬ್ಬ ವೃದ್ಧರ ಬಳಿಗೆ ಹೋಗಿ, ವೀಡಿಯೋ ಕರೆಯಲ್ಲಿ ಯಾವ ಪೋಲೀಸನೂ ಯಾರನ್ನೂ ಬಂಧಿಸಲಾರನು, ಅಂಥ ಕರೆಯು ಬಂದರೆ ಮೊದಲು ನನ್ನನ್ನು ಕೂಗಿರಿ ಎಂದು ಹೇಳಿ ಬರಬೇಕೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುವೆನು.